ನಿಂಬೆಹಣ್ಣು ಉರುಳಿದ ಕಡೆ

ಒಲೆ ಇಟ್ಟ ಮೇಜಿನ ಎರಡು ಕಾಲುಗಳ ಕೆಳಗೆ ಬೆಣೆ ತಳ್ಳಿ ಆಗಿತ್ತು. ಇನ್ನು ನೀರಿನ ಹಂಡೆ, ಮಂಚ, ದೇವರ ಮುಂದಿನ ದೀಪದ ಮಣೆ ಉಳಿದಿದ್ದವು. ನಾನು ಮಂಡಿಯೂರಿ ಹಂಡೆಯ ಕೆಳಗಿನ ಸಿಂಬೆಯನ್ನು ಸರಿಮಾಡುತ್ತಿದ್ದಾಗ ಕೆರೆಯ ಕಡೆಯಿಂದ ದ್ಯಾವಣ್ಣನ ಎರಡನೆಯ ಕೂಗು ಬಂತು. "ಪಡುವಣಾ... ಮೂರು ಬೆರಳೂ..." ಮೊದಲನೆಯ ಕೂಗು ಎದ್ದವರಿಗೆ, ಎರಡನೆಯದು ಎದ್ದು ಮತ್ತೆ ಮಲಗಿದವರಿಗೆ. ದ್ಯಾವಣ್ಣ ದಿನಾ ಬೆಳಿಗ್ಗೆ ಕೆರೆಯ ಮೆಟ್ಟಿಲಿನ ಚಪ್ಪಟೆ ಕಲ್ಲಿನ ಮೇಲೆ ಒಂದು ನಿಂಬೆಹಣ್ಣು ಇಡುತ್ತಾನೆ. ಅದು ಯಾವ ಕಡೆಗೆ ಉರುಳುತ್ತದೋ ಆ ದಿನ ನಮ್ಮ ಊರು ಆ ಕಡೆಗೆ ವಾಲಿರುತ್ತದೆ. ತಗ್ಗಿನ ಕಡೆಗೆ ಎಷ್ಟು ಬೆರಳು ದಪ್ಪದ ಬೆಣೆ ಬೇಕೋ ಅಷ್ಟು ಬೆರಳಿನ ವಾಲು. ಹಿಂದಿನ ದಿನ ತೆಂಕಣಕ್ಕೆ ಒಂದೇ ಬೆರಳು ಇತ್ತು, ಬೆಣೆ ಕೊಡದೆಯೂ ಕಾಲ ಹಾಕಬಹುದಿತ್ತು. ಮೂರು ಬೆರಳೆಂದರೆ ಹಾಗಲ್ಲ. ಕಾವಲಿಯ ಮೇಲೆ ಹುಯ್ದ ದೋಸೆ ಹಿಟ್ಟು ಒಂದೇ ಅಂಚಿಗೆ ಹೋಗಿ ನಿಲ್ಲುತ್ತದೆ, ತೊಟ್ಟಿಲು ಯಾರೂ ತೂಗದೆ ಗೋಡೆಗೆ ಒರಗುತ್ತದೆ.

ಹಂಡೆ ನೆಟ್ಟಗಾಗುವಷ್ಟರಲ್ಲಿ ಚೆಲುವಮ್ಮ ಬಾಗಿಲಿಗೆ ಬಂದು ನಿಂತಳು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಮೊಮ್ಮಗಳು ತುಂಗಾ ನನ್ನ ಶಿಶುವಿಹಾರದಲ್ಲಿದ್ದಳು.

"ಮಂಗಳಾ, ಆ ಕಾಗದ ನಿಜವೇನೇ?"

"ಯಾವ ಕಾಗದ?"

"ನಾಟಕ ಆಡ್ಬೇಡ. ಮಟ್ಟದೂರಿನೋರು ಬರೆದಿರೋದು. ಊರಿಗೆಲ್ಲಾ ಗೊತ್ತಾಗಿದೆ, ನಿಂಗೊಬ್ಬಳಿಗೆ ಗೊತ್ತಿಲ್ವಾ?"

ಕಾಗದ ನನ್ನ ಸಕ್ಕರೆ ಡಬ್ಬಿಯ ಕೆಳಗೇ ಇತ್ತು. ಬೆಟ್ಟದ ಆಚೆಗಿರುವ, ಯಾವ ದಿನವೂ ಯಾವ ಕಡೆಗೂ ವಾಲದ ಊರನ್ನು ನಾವು ಮಟ್ಟದೂರು ಎನ್ನುತ್ತೇವೆ. ಅಲ್ಲಿಯ ಶಾಲೆಯವರು ಆರು ವರ್ಷದೊಳಗಿನ ಮಕ್ಕಳಿಗೆ ಆಟದ ಹಬ್ಬ ಇಟ್ಟಿದ್ದರು. ಓಟ, ಕಪ್ಪೆ ಜಿಗಿತ, ಕುಂಟೋಟ, ಚೆಂಡು ಹಿಡಿಯುವುದು, ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಲ್ಲುವುದು. ಹಬ್ಬಕ್ಕೆ ಇನ್ನು ಇಪ್ಪತ್ತಮೂರು ದಿನ ಇತ್ತು. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದು ದುಂಡು ಅಕ್ಷರದಲ್ಲಿ ಬರೆದಿದ್ದರು. ನಾನೂ ಚೆಲುವಮ್ಮನೂ ಅಲ್ಲಿಗೆ ಆಡಲು ಹೋಗಿ ಬಂದ ಮೇಲಿನ ನಲವತ್ತೆರಡು ವರ್ಷಗಳಲ್ಲಿ ಯಾರೂ ಹಾಗೆ ಬರೆದಿರಲಿಲ್ಲ.

ಚೆಲುವಮ್ಮ ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. "ನೋಡು. ಇಲ್ಲೊಂದು ಹಲ್ಲಿತ್ತು. ಈಗ್ಲೂ ಅವರ ಮೈದಾನದಲ್ಲೇ ಇದೆ. ನನ್ನ ಮೊಮ್ಮಗಳ ಹಲ್ಲು ಮುತ್ತಿನ ಹಾಗೆ ಸಾಲಾಗಿ ಬಂದಿವೆ. ಅವನ್ನ ಅಲ್ಲಿ ಬಿತ್ತಕ್ಕೆ ನಾನು ಕಳಿಸಲ್ಲ."

ನನಗೆ ನಗು ಬಂತು. ಅವಳಿಗೂ ಬಂತು, ತಡೆದುಕೊಂಡಳು.

"ಬೀಳದ ಹಾಗೆ ಕಲಿಸಿದ್ರೆ?" ಅಂದೆ.

"ಕಣ್ಣಾರೆ ತೋರ್ಸು. ಮಟ್ಟವಾದ ನೆಲದ ಮೇಲೆ ನನ್ನ ತುಂಗಾ ಬೀಳದೆ ಓಡಿದ್ದನ್ನ ನಾನು ನೋಡ್ಬೇಕು. ನೋಡಿದ್ರೆ ಕಳಿಸ್ತೀನಿ. ನಾನು ಕಳಿಸದಿದ್ರೆ ಬೀದೀಲಿ ಯಾರೂ ಕಳಿಸಲ್ಲ, ಅದು ನಿಂಗೂ ಗೊತ್ತು."

ಗೊತ್ತಿತ್ತು. ಅವಳು ಹೋದ ಮೇಲೆ ನಾನು ಮಂಚದ ಬೆಣೆ ಬಡಿಯಲು ಕೂತೆ. ಅವತ್ತು ಚೆಲುವಮ್ಮನ ಹಲ್ಲು ಹೋಗಿದ್ದು ಎಲ್ಲರಿಗೂ ನೆನಪಿದೆ. ನಾನು ಕಳೆದುಕೊಂಡದ್ದು ಅವಳ ಹಲ್ಲಿನ ಹಾಗೆ ತೋರಿಸುವಂಥದ್ದಲ್ಲ. ಆಗ ನನಗೆ ಒಂಬತ್ತು ವರ್ಷ, ಊರಿನಲ್ಲಿ ನನ್ನನ್ನು ಹಿಂದೆ ಹಾಕುವವರು ಇರಲಿಲ್ಲ. ಆ ಮೈದಾನದಲ್ಲಿ ಗೆರೆಯ ಮೇಲೆ ನಿಂತಾಗ ಕಾಲು ಊರಿನ ವಾಲನ್ನು ಹುಡುಕಿತು, ಸಿಗಲಿಲ್ಲ. ಸೀಟಿ ಊದಿದರು. ಇಲ್ಲದ ಇಳಿಜಾರಿಗೆ ಮೈ ಒಡ್ಡಿ ಓಡಿದೆ. ಓಡುತ್ತ ಓಡುತ್ತ ಸೊಟ್ಟಗೆ ತಿರುಗಿ, ಗೆರೆ ದಾಟಿ, ಜನರನ್ನು ದಾಟಿ, ಮಜ್ಜಿಗೆ ಅಂಗಡಿಯ ಮಡಕೆಗಳ ಮೇಲೆ ಹೋಗಿ ಬಿದ್ದೆ. ಇಡೀ ಮೈದಾನ ನಕ್ಕಿತು. ಮನೆಯಲ್ಲಿ ಅಮ್ಮ ತಲೆಯ ಮೇಲಿನ ಮಜ್ಜಿಗೆ ತೊಳೆಯುತ್ತ, "ಸಾಕು ಬಿಡು, ಇನ್ನೆಷ್ಟು ದಿನ ಓಡ್ತೀಯಾ" ಅಂದಳು. ಬೈದದ್ದಲ್ಲ, ಸಮಾಧಾನಕ್ಕೆ ಅಂದದ್ದು. ಯಾರೂ ನನಗೆ ಓಡಬೇಡ ಎನ್ನಲಿಲ್ಲ. ಆಮೇಲೆ ನಾನು ಓಡಲಿಲ್ಲ, ಅಷ್ಟೆ. ಮಳೆ ಬಂದರೆ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಕೂಡ ಬೇಗಬೇಗ ನಡೆದು ಹೋಗುತ್ತಿದ್ದೆ. ಇಪ್ಪತ್ತೈದು ವರ್ಷಗಳಿಂದ ಊರಿನ ಮಕ್ಕಳಿಗೆ ಓಡುವುದು, ಹಾರುವುದು, ಎಸೆಯುವುದು ಕಲಿಸುತ್ತಿದ್ದೇನೆ. ಬಾಯಲ್ಲಿ ಹೇಳಿ ಕಲಿಸುತ್ತೇನೆ. ಮಾಡಿ ತೋರಿಸುವುದಿಲ್ಲ. ಇದನ್ನು ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ.

ತುಂಗಾ ಓಡುವುದನ್ನು ನೋಡಿದಾಗಲೆಲ್ಲ ನನಗೆ ಆ ಒಂಬತ್ತು ವರ್ಷದ ಹುಡುಗಿಯ ನೆನಪಾಗುತ್ತಿತ್ತು. ಅವಳನ್ನು ಮಟ್ಟದೂರಿಗೆ ಕರೆದುಕೊಂಡು ಹೋಗಿ ಅವಳು ಅಲ್ಲಿ ಬಿದ್ದು ನಗೆಪಾಟಲಾದರೆ ಇನ್ನೊಬ್ಬಳು ಓಡುವುದನ್ನು ಬಿಡುತ್ತಾಳೆ. ಹೋಗದೇ ಇದ್ದರೆ, ನಮ್ಮ ಮಕ್ಕಳು ಊರಿನ ಕೆರೆಯಿಂದ ಆಚೆಗೆ ಓಡುವುದೇ ಇಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟ ಎಂದು ಆ ಬೆಳಿಗ್ಗೆ ನನಗೆ ತಿಳಿಯಲಿಲ್ಲ.

ನನ್ನ ಯಜಮಾನರು ಮೌನೇಶಾಚಾರ್ ಬೆಣೆ ಮಾಡುವ ಬಡಗಿ. ಊರಿನ ಪ್ರತಿ ಮನೆಯ ಬೆಣೆಯೂ ಅವರ ಕೈಯದ್ದೋ ಅವರ ತಂದೆಯ ಕೈಯದ್ದೋ. ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ಹೇಳಿದೆ.

"ಮಟ್ಟದ ನೆಲ ತಾನೆ ಬೇಕು?" ಅವರು ಅನ್ನ ಕಲಸುತ್ತ ಅಂದರು. "ಇಷ್ಟು ವರ್ಷ ಮಂಚ ಮಟ್ಟ ಮಾಡ್ದೆ, ಒಲೆ ಮಟ್ಟ ಮಾಡ್ದೆ. ನೆಲ ಮಟ್ಟ ಮಾಡಕ್ಕೆ ಆಗಲ್ವಾ? ಹಲಗೆ ಇದೆ. ಬೆಣೆ ಸಾಲದು."

"ಎಷ್ಟು ಬೇಕು?"

"ಮನೆಗೆ ಎರಡು ಕೊಟ್ರೆ ಆದೀತು. ಕೊಡ್ತಾರಾ ಕೇಳು."

ಕೊಟ್ಟರು. ಗೊಣಗುತ್ತ ಕೊಟ್ಟರು. ಒಲೆಯ ಬೆಣೆ ಯಾರೂ ಕೊಡಲಿಲ್ಲ, ಎಲ್ಲರೂ ಮಂಚದ್ದೇ ಕೊಟ್ಟರು. ಮೂರು ವಾರ ಇಡೀ ಊರು ಒಂದು ಬದಿಗೆ ಜಾರಿ ಮಲಗಿತು. ಬೆಳಿಗ್ಗೆ ನಲ್ಲಿಯ ಹತ್ತಿರ ಸೇರಿದ ಹೆಂಗಸರು ಯಾರ ಗಂಡ ಎಷ್ಟು ಸಲ ಯಾರ ಮೇಲೆ ಉರುಳಿದ ಎಂದು ಲೆಕ್ಕ ಒಪ್ಪಿಸಿ ನಗುತ್ತಿದ್ದರು. "ನಿಮ್ಮ ಶಿಶುವಿಹಾರದ ಪುಣ್ಯ ಮಿಸ್ಸೂ, ನಾಲ್ಕು ವರ್ಷ ಆದ್ಮೇಲೆ ಇನ್ನಷ್ಟು ಮಕ್ಕಳು ಸೇರ್ತಾರೆ" ಎಂದು ಒಬ್ಬಳು ಅಂದಾಗ ನಾನು ಕೊಡ ಎತ್ತಿಕೊಂಡು ಬೇಗ ಬಂದುಬಿಟ್ಟೆ.

ಶಾಲೆಯ ಅಂಗಳದಲ್ಲಿ ಮೊಣಕಾಲೆತ್ತರದ ಕಾಲುಗಳ ಮೇಲೆ ಹಲಗೆಯ ಜಗಲಿ ಎದ್ದಿತು. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ದಿನಾ ಬೆಳಿಗ್ಗೆ ದ್ಯಾವಣ್ಣ ಕೂಗಿದ ಮೇಲೆ ಇಬ್ಬರು ತಾಯಂದಿರು ಬಂದು ಬೆಣೆ ಬದಲಿಸುತ್ತಿದ್ದರು. ಜಗಲಿಯ ನಡುವೆ ಊಟದ ತಟ್ಟೆಯಲ್ಲಿ ಅಂಚಿನ ತನಕ ನೀರು ತುಂಬಿ ಇಟ್ಟು, ಹೊಟ್ಟೆಯ ಮೇಲೆ ಮಲಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಯಾವ ಕಡೆಯೂ ನೀರು ಚೆಲ್ಲದಿದ್ದರೆ ಮಟ್ಟ.

ಮೊದಲ ದಿನ ಹನ್ನೊಂದು ಮಕ್ಕಳು ಹತ್ತಿದರು. ಹತ್ತಿದವರೆಲ್ಲ ಒಂದೇ ಕಡೆಗೆ ಬಾಗಿ, ಅಟ್ಟದಿಂದ ಜಾರಿದ ಪಾತ್ರೆಗಳ ಹಾಗೆ ಒಬ್ಬರ ಮೇಲೊಬ್ಬರು ಬಿದ್ದರು. ತುಂಗಾ ಮಾತ್ರ ಎರಡೂ ಕೈ ಚಾಚಿ ಗಾಳಿಯನ್ನು ಹಿಡಿದುಕೊಂಡು ನಿಂತಿದ್ದಳು.

"ಮಿಸ್ಸೂ, ಇವತ್ತು ಎತ್ತ?" ಅಂದಳು. ನಮ್ಮ ಊರಿನ ಮಕ್ಕಳು ಎದ್ದ ತಕ್ಷಣ ಕೇಳುವುದು ಅದನ್ನೇ.

"ಇದರ ಮೇಲೆ ಎತ್ತಲೂ ಇಲ್ಲ ಕಣಮ್ಮಾ."

ಅವಳ ಮುಖ ಚಿಕ್ಕದಾಯಿತು. ನಿಧಾನವಾಗಿ ಕೂತು, ಅಂಡಿನ ಮೇಲೆ ಸರಿಯುತ್ತ ಅಂಚಿಗೆ ಬಂದು ಕೆಳಗಿಳಿದಳು. "ಹಂಗಾದ್ರೆ ನಾನು ಬರಲ್ಲ."

ಎತ್ತಲೂ ಇಲ್ಲ ಎಂದದ್ದು ಒಂದು ತಪ್ಪು, ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡದು. ಸೀಮೆಸುಣ್ಣದಿಂದ ಜಗಲಿಯ ಮೇಲೆ ನೇರವಾದ ಗೆರೆ ಎಳೆದೆ. ಕಾಲು ನೋಡಿಕೊಂಡು ಗೆರೆಯ ಮೇಲೆ ನಡೆಯಿರಿ, ಬೆನ್ನು ನೆಟ್ಟಗೆ, ಬಾಗಬಾರದು ಎಂದೆ. ಒಂದು ವಾರ ಹಾಗೇ ನಡೆಸಿದೆ. ಮಕ್ಕಳು ಬೀಳುವುದು ಕಡಿಮೆಯಾಯಿತು. ಅದರ ಜೊತೆಗೆ ನಗುವುದೂ ಕಡಿಮೆಯಾಯಿತು. ಉಸಿರು ಬಿಗಿಹಿಡಿದು, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತಿದ್ದರು.

ಬೆಣೆ ನೋಡಲು ಬಂದಿದ್ದ ನಮ್ಮ ಯಜಮಾನರು ಸ್ವಲ್ಪ ಹೊತ್ತು ನಿಂತು ನೋಡಿದರು. "ಏನೇ ಇದು, ಹೆಣ್ಣು ನೋಡಕ್ಕೆ ಬಂದೋರ ಮುಂದೆ ಕಾಫಿ ತಟ್ಟೆ ತಗೊಂಡು ಹೋಗ್ತಿರೋ ಹಾಗಿದೆ ಎಲ್ಲಾ" ಅಂದರು.

ನನಗೆ ಕೋಪ ಬಂತು. ಮನೆಗೆ ಬಂದರೂ ಇಳಿಯಲಿಲ್ಲ. ಅವರು ಹೇಳಿದ್ದು ಸರಿ ಇತ್ತು, ಅದಕ್ಕೇ ಇಳಿಯಲಿಲ್ಲ. ಅವತ್ತು ಮಟ್ಟದೂರಿನ ಗೆರೆಯ ಮೇಲೆ ನಾನು ಮಾಡಿದ್ದೂ ಇದನ್ನೇ ಅಲ್ಲವೇ? ಕಾಲು ನೋಡಿಕೊಂಡಿದ್ದೆ. ಎತ್ತ ವಾಲಿದೆ, ಎತ್ತ ವಾಲಿದೆ ಎಂದು ಕಾಲನ್ನೇ ನೋಡಿಕೊಂಡು ಓಡಿದ್ದೆ.

ಮಾರನೆಯ ದಿನ ಒಂದು ಚಿಂದಿ ಚೆಂಡು ಯಾರ ಕೈಯಿಂದಲೋ ಜಾರಿ ಜಗಲಿಯ ಮೇಲೆ ಉರುಳಿತು. ಕೆಳಗೆ ಮುನಿಸಿಕೊಂಡು ಕೂತಿದ್ದ ತುಂಗಾ ಮೇಲೆ ಹತ್ತಿ, ಅದರ ಹಿಂದೆ ಓಡಿ, ಬಗ್ಗಿ ಎತ್ತಿಕೊಂಡು, ಕುಂಟುತ್ತ ಕುಂಟುತ್ತ ವಾಪಸು ಬಂದು ನನ್ನ ಕೈಗೆ ಕೊಟ್ಟಳು. ತಾನು ಎಲ್ಲಿದ್ದೇನೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಕಣ್ಣು ಚೆಂಡಿನ ಮೇಲಿತ್ತು. ಕಾಲು ತನ್ನ ಕೆಲಸ ತಾನು ಮಾಡಿಕೊಂಡಿತ್ತು.

ನಾನು ಒದ್ದೆ ಬಟ್ಟೆ ತಂದು ಸೀಮೆಸುಣ್ಣದ ಗೆರೆಯನ್ನೆಲ್ಲ ಒರೆಸಿದೆ.

ಆಮೇಲೆ ನಾವು ಬರೀ ಆಡಿದೆವು. ಹಳೆಯ ಸೀರೆಗಳನ್ನು ಸುತ್ತಿ ಕುಂಬಳಕಾಯಿಯಷ್ಟು ದಪ್ಪದ ಚೆಂಡು ಕಟ್ಟಿದೆ. ಎದೆಗೆ ಅವುಚಿ ಹಿಡಿಯುವುದು ಬಂದ ಮೇಲೆ ತೆಂಗಿನಕಾಯಿಯಷ್ಟರದ್ದು, ಅದು ಬಂದ ಮೇಲೆ ಕಿತ್ತಳೆಯಷ್ಟರದ್ದು. ಕೈಯನ್ನು ಗೂಡಿನ ಹಾಗೆ ಮಾಡಿ ಹಿಡಿದರೆ ಚೆಂಡು ತಾನೇ ಬಂದು ಕೂರುತ್ತದೆ ಎಂದು ಹೇಳಿಕೊಟ್ಟೆ. ಓಡುವುದಕ್ಕಿಂತ ಹೆಚ್ಚಾಗಿ ನಿಲ್ಲುವುದನ್ನು ಆಡಿಸಿದೆ. ನಾನು ಕಾಗೆಯ ಹಾಗೆ ಕೂಗಿದ ತಕ್ಷಣ ಮಂಡಿ ಸಡಿಲ ಬಿಟ್ಟು, ಇದ್ದಲ್ಲೇ ನಿಲ್ಲಬೇಕು. ಅಲುಗಾಡಿದವರು ಕಾಗೆಯಾಗಬೇಕು. ಎಲ್ಲರಿಗೂ ಕಾಗೆಯಾಗುವ ಆಸೆಯೇ ಇದ್ದುದರಿಂದ ಮೊದಲು ಸ್ವಲ್ಪ ಕಷ್ಟವಾಯಿತು.

ಜಿಗಿಯುವ ಆಟವನ್ನು ಯಜಮಾನರೇ ಹುಟ್ಟಿಸಿದರು. ಜಗಲಿಯ ಕೆಳಗೆ ತೂರಿ, ಅಂಗೈ ದಿಂಬು ಮಾಡಿಕೊಂಡು ಮಲಗಿ ಗೊರಕೆ ಹೊಡೆಯುತ್ತಿದ್ದರು. ಮಕ್ಕಳು ಮೇಲೆ ಜಿಗಿದು, ಆಚಾರ್ ತಾತನಿಗೆ ಎಚ್ಚರವಾಗದ ಹಾಗೆ ಕಾಲೂರಬೇಕು. ದಪ್ಪನೆ ಬಿದ್ದರೆ ಕೆಳಗಿನಿಂದ, "ಯಾರೋ ಅದು ಆನೆ?" ಎಂದು ಗರ್ಜನೆ ಬರುತ್ತಿತ್ತು. ನಾಲ್ಕೇ ದಿನಗಳಲ್ಲಿ ಹನ್ನೊಂದು ಮಕ್ಕಳೂ ಬೆಕ್ಕಿನ ಹಾಗೆ ಇಳಿಯತೊಡಗಿದರು. ಐದನೆಯ ದಿನ ತಾತನಿಗೆ ನಿಜವಾಗಿಯೇ ನಿದ್ದೆ ಹತ್ತಿಬಿಟ್ಟಿತು.

ಚೆಲುವಮ್ಮ ದಿನಾ ಬಂದು ಬೇಲಿಯ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದಳು. ಮೂರನೆಯ ವಾರ ಒಂದು ದಿನ ತುಂಗಾ ಜಗಲಿಯ ಈ ತುದಿಯಿಂದ ಆ ತುದಿಗೆ ಓಡಿ, ನಿಂತು, "ಅಜ್ಜೀ, ಹಿಡ್ಕೋ!" ಎಂದು ಚೆಂಡು ಎಸೆದಳು. ಚೆಲುವಮ್ಮನ ಕೈಗಳು ತಾವಾಗಿಯೇ ಮೇಲೆ ಹೋಗಿ ಗೂಡಾದವು. ಚೆಂಡು ಬಂದು ಕೂತಿತು. ಅವಳು ಅದನ್ನೇ ನೋಡುತ್ತ ನಿಂತಳು.

"ಸರಿ ಕಣೇ" ಅಂದಳು ನನಗೆ. "ಆದ್ರೆ ನಾನೂ ಬರ್ತೀನಿ. ಅವಳೇನಾದ್ರೂ ಬಿದ್ರೆ ನಿನ್ನ ಹಲ್ಲು ನಾನು ಉದುರಿಸ್ತೀನಿ."

ಮಟ್ಟದೂರಿನ ಮೈದಾನ ನನ್ನ ನೆನಪಿಗಿಂತ ಚಿಕ್ಕದಿತ್ತು. ಬಸ್ಸಿನಿಂದ ಇಳಿದ ನಮ್ಮ ಮಕ್ಕಳು ಸ್ವಲ್ಪ ತೂಗಾಡಿದರು, ಆಮೇಲೆ ನೆಟ್ಟಗಾದರು. ನಾನು ಮತ್ತು ಚೆಲುವಮ್ಮ ಒಬ್ಬರ ತೋಳು ಒಬ್ಬರು ಹಿಡಿದುಕೊಂಡಿದ್ದೆವು. ನೋಡಿದವರಿಗೆ ಗೆಳತಿಯರ ಅಕ್ಕರೆ ಎನಿಸಿರಬೇಕು. ಬೀಳಬಾರದೆಂದು ಹಿಡಿದುಕೊಂಡದ್ದು. ಮೈದಾನದ ಆ ತುದಿಯಲ್ಲಿ, ಅದೇ ಬೇವಿನ ಮರದ ಕೆಳಗೆ, ಈಗಲೂ ಒಂದು ಮಜ್ಜಿಗೆ ಅಂಗಡಿ ಇತ್ತು.

"ಅದೇ ಜಾಗ ಅಲ್ವೇನೇ?" ಚೆಲುವಮ್ಮ ಪಿಸುಗುಟ್ಟಿದಳು.

"ನೀನು ನಿನ್ನ ಹಲ್ಲು ಹುಡುಕ್ಕೋ ಹೋಗು" ಅಂದೆ.

ಓಟಕ್ಕೆ ಒಂಬತ್ತು ಮಕ್ಕಳು ಗೆರೆಯ ಮೇಲೆ ನಿಂತರು. ನಮ್ಮವರು ಮೂವರು. ಸೀಟಿ ಬಾಯಿಗಿಟ್ಟವನು ಕೈ ಎತ್ತುವ ಮೊದಲೇ ತುಂಗಾ ಗೆರೆ ಬಿಟ್ಟು ನನ್ನ ಹತ್ತಿರ ಬಂದಳು. ಕಾಲಬೆರಳುಗಳು ನೆಲವನ್ನು ಒತ್ತಿ ಒತ್ತಿ ಹುಡುಕುತ್ತಿದ್ದವು.

"ಮಿಸ್ಸೂ, ಇವತ್ತು ಎತ್ತ?"

ಎಲ್ಲರೂ ನೋಡುತ್ತಿದ್ದರು. ಅಲ್ಲಿಯವರಲ್ಲಿ ಯಾರೋ ಕಿಸಕ್ಕೆಂದರು. ಎತ್ತಲೂ ಇಲ್ಲ ಎಂದರೆ ಅವಳು ಕೂತುಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. ಸುಮ್ಮನೆ ಓಡು ಎಂದು ನನ್ನ ಮಿಸ್ಸು ನನಗೆ ಹೇಳಿದ್ದು ನೆನಪಾಯಿತು. ನಾನು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

"ನೀನು ಎತ್ತ ಹೋಗ್ತೀಯೋ ಅತ್ತ" ಅಂದೆ.

ಅವಳು ಯೋಚಿಸಿದಳು. "ಎಷ್ಟು ಬೆರಳು?"

"ಎರಡು."

ಎರಡು ಬೆರಳು ಅವಳಿಗೆ ಇಷ್ಟವಾದ ವಾಲು. ತಲೆ ಆಡಿಸಿ ಹೋಗಿ ಗೆರೆಯ ಮೇಲೆ ನಿಂತಳು. ಈ ಸಲ ಕಾಲು ನೋಡಲಿಲ್ಲ, ಮುಂದೆ ನೋಡಿದಳು.

ಸೀಟಿ ಊದಿದರು. ನಮ್ಮ ಮೂವರಲ್ಲಿ ಒಬ್ಬ ನಾಲ್ಕನೆಯ ಹೆಜ್ಜೆಗೇ ಬೋರಲು ಬಿದ್ದ, ಎದ್ದು ಮಣ್ಣು ಕೊಡವಿ ಮತ್ತೆ ಓಡಿದ. ತುಂಗಾ ಇಳಿಜಾರಿನಲ್ಲಿ ಓಡುವವಳ ಹಾಗೆ ಓಡಿದಳು. ಆ ಮೈದಾನದಲ್ಲಿ ಅವಳೊಬ್ಬಳ ಕಾಲ ಕೆಳಗೆ ಮಾತ್ರ ನೆಲ ಮುಂದಕ್ಕೆ ವಾಲಿತ್ತು. ನಾಲ್ಕನೆಯವಳಾಗಿ ಕೊನೆಯ ಗೆರೆ ಮುಟ್ಟಿದಳು. ಆದರೆ ನಿಲ್ಲಲಿಲ್ಲ. ಮೊದಲು ಬಂದವರೆಲ್ಲ ನಿಂತು ಏದುಸಿರು ಬಿಡುತ್ತಿದ್ದರೆ, ಇವಳು ಗೆರೆ ದಾಟಿ, ಜನರನ್ನು ದಾಟಿ, ನೇರವಾಗಿ ಮಜ್ಜಿಗೆ ಅಂಗಡಿಯ ಕಡೆಗೆ ಹೊರಟಳು. ಚೆಲುವಮ್ಮ ನನ್ನ ತೋಳಿಗೆ ಉಗುರು ಊರಿದಳು. ನಾನು ಕೈಗಳನ್ನು ಬಾಯಿಗಿಟ್ಟು, ಅಷ್ಟು ಜನರ ನಡುವೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಾಗೆಯ ಹಾಗೆ ಕೂಗಿದೆ.

ಮಡಕೆಗಳಿಗೆ ಒಂದು ಗೇಣು ಇರುವಾಗ ತುಂಗಾಳ ಮಂಡಿ ಸಡಿಲವಾಯಿತು, ಅವಳು ನಿಂತಳು. ಒಂದು ಹನಿ ಚೆಲ್ಲಲಿಲ್ಲ. ಅಂಗಡಿಯವನು ಒಂದು ಲೋಟ ತುಂಬಿ ಅವಳ ಕೈಗೆ ಕೊಟ್ಟ. ಜನ ನಕ್ಕರು. ಅದು ಬೇರೆ ಥರದ ನಗು. ತುಂಗಾಳೂ ಬಾಯಿಯ ಸುತ್ತ ಮಜ್ಜಿಗೆ ಮೀಸೆ ಮಾಡಿಕೊಂಡು ನಕ್ಕಳು.

ಚೆಂಡು ಹಿಡಿಯುವುದರಲ್ಲಿ ನಾವು ಸೋತೆವು, ಕಪ್ಪೆ ಜಿಗಿತದಲ್ಲಿ ಎರಡನೆಯವರಾಗಿ ಬಂದೆವು. ಕೊಕ್ಕರೆಯಾಟ ಮಾತ್ರ ಮುಗಿಯಲೇ ಇಲ್ಲ. ಮಟ್ಟದೂರಿನ ಮಕ್ಕಳೆಲ್ಲ ಕಾಲು ಇಳಿಸಿದ ಮೇಲೂ ನಮ್ಮ ನಾಲ್ವರು ಒಂಟಿಕಾಲಿನಲ್ಲಿ ನಿಂತೇ ಇದ್ದರು. ಒಬ್ಬ ಮೂಗು ಕೆರೆದುಕೊಂಡ, ಒಬ್ಬಳು ಜಡೆಯ ರಿಬ್ಬನ್ನು ಬಿಚ್ಚಿ ಕಟ್ಟಿಕೊಂಡಳು. ಹುಟ್ಟಿದಂದಿನಿಂದ ವಾಲುವ ನೆಲದಲ್ಲಿ ನಿಂತವರಿಗೆ ಇದೇನು ಮಹಾ! ಕೊನೆಗೆ ತೀರ್ಪುಗಾರರಿಗೇ ಹಸಿವಾಗಿ, ನಾಲ್ವರಿಗೂ ಬಹುಮಾನ ಎಂದು ಹೇಳಿ ಊಟಕ್ಕೆ ಕರೆದರು. ಅಲ್ಲಿಯ ಚಿಕ್ಕ ವಯಸ್ಸಿನ ಮಿಸ್ಸೊಬ್ಬಳು ಹುಳಿ ಬಡಿಸುತ್ತ, "ಅಕ್ಕಾ, ನಮ್ಮ ಮಕ್ಕಳನ್ನ ಒಂದ್ಸಲ ನಿಮ್ಮೂರಿಗೆ ಕರ್ಕೊಂಡು ಬರ್ಲಾ?" ಎಂದು ಕೇಳಿದಳು. "ಕರ್ಕೊಂಡು ಬಾಮ್ಮಾ, ಒಂದು ಬೆರಳಿನ ದಿನ ನೋಡ್ಕೊಂಡು" ಎಂದು ಚೆಲುವಮ್ಮನೇ ಉತ್ತರ ಕೊಟ್ಟಳು, ಊರಿನ ಗೌಡತಿಯ ಗತ್ತಿನಲ್ಲಿ.

ಮಾರನೆಯ ದಿನ ಜಗಲಿ ಬಿಚ್ಚಿದೆವು. ಯಾರ ಬೆಣೆ ಯಾವುದೆಂದು ಯಾರಿಗೂ ಗುರುತು ಸಿಗದೆ, ಕೈಗೆ ಸಿಕ್ಕ ಎರಡೆರಡನ್ನು ಎಲ್ಲರೂ ಒಯ್ದರು. ನನ್ನ ಪಾಲಿಗೆ ಬಂದದ್ದು ಒಂದು ಚೂರು ದಪ್ಪ.

ಇವತ್ತು ಬೆಳಿಗ್ಗೆ ದ್ಯಾವಣ್ಣ ಕೂಗಿದಾಗ ನಾನು ಆ ದಪ್ಪ ಬೆಣೆಯನ್ನು ಮಂಚದ ಕಾಲಿಗೆ ಹೊಂದಿಸುತ್ತಿದ್ದೆ. ಬಡಗಣ, ಒಂದೂವರೆ ಬೆರಳು. ಶಾಲೆ ಇರುವುದು ಮೂಡಣಕ್ಕೆ. ಮೂಡಣಕ್ಕೆ ವಾಲಿದ ದಿನ ಬರಲಿ ಎಂದು ಕಾಯಬಹುದಿತ್ತು. ಹಾಗೆ ಕಾಯುವುದು ನನಗೆ ಚೆನ್ನಾಗಿ ಬರುತ್ತದೆ. ಬೆಣೆಯ ತಲೆಗೆ ಇನ್ನೆರಡು ಸಲ ಬಡಿದು, ಎದ್ದು, ಅಟ್ಟದ ಮೇಲಿಂದ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಗಳನ್ನು ತೆಗೆದೆ.

"ಅದ್ಯಾಕೆ ಈಗ?" ಯಜಮಾನರು ಕಾಫಿ ಲೋಟದ ಹಿಂದಿನಿಂದ ಕೇಳಿದರು.

"ಧೂಳು ಹಿಡಿದಿತ್ತು. ಒರೆಸೋಣ ಅಂತ."

ಒರೆಸಿದೆ. ಹಾಕಿಕೊಂಡು ಪಟ್ಟಿ ಬಿಗಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಒಂದು ಗೇಣು ಮೇಲೆ ಎತ್ತಿಕೊಂಡು ಬಾಗಿಲು ದಾಟಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಒಳಗೆ ಬೆಣೆ ಬಡಿಯುತ್ತಿದ್ದರು. ಶಾಲೆಯ ಗೇಟಿನ ತನಕ ಇನ್ನೂರು ಹೆಜ್ಜೆ. ಇವತ್ತು ಅದನ್ನು ನಡೆದುಕೊಂಡು ಹೋಗುವುದಿಲ್ಲ ಎಂದು ನಾನು ಕಾವಲಿ ಒಲೆಯ ಮೇಲಿಡುವ ಹೊತ್ತಿಗೇ ನಿಶ್ಚಯ ಮಾಡಿಯಾಗಿತ್ತು. ಎರಡು ಬೆರಳು, ನಾನು ಹೋಗುವ ಕಡೆಗೆ.